ಸಂಜೆ ಆರು ಇಪ್ಪತ್ತು

ರಾಜೇಶ ಅಕ್ಕನ ಮನೆಗೆ ಬರಿಗೈಯಲ್ಲಿ ಬಂದವನೇ ಅಲ್ಲ. ಏಪ್ರಿಲ್ ಹತ್ತರ ಆ ಶುಕ್ರವಾರ ಸಂಜೆಯೂ ಒಂದು ಕೈಯಲ್ಲಿ ಮಿರ್ಚಿ ಭಜಿಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಕಲ್ಲಂಗಡಿ, ಬಗಲಲ್ಲಿ ಕಂಪನಿಯ ಹಸಿರು ಫೈಲು ಇಟ್ಟುಕೊಂಡೇ ಬಂದ. ಭಜಿ ಅಕ್ಕನ ಅತ್ತೆ ಯಮನಮ್ಮನ ಕೈ ಸೇರಿತು. ಕಲ್ಲಂಗಡಿ ಅಕ್ಕನ ಮಗಳು ನಂದಿನಿಯ ಮುಂದೆ ಉರುಳಿತು. ಫೈಲನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ.

"ಲೋನ್ ಪಾಸಾತ್ರಿ ಮಾವಾರ," ಎಂದ.

ಯಮನಮ್ಮ ಪೊಟ್ಟಣವನ್ನು ಕೆಳಗಿಟ್ಟು, ಗೋಡೆಯ ಮೇಲಿದ್ದ ಬುದ್ಧನ ಫೋಟೋಕ್ಕೂ ಬಾಬಾಸಾಹೇಬರ ಫೋಟೋಕ್ಕೂ ಕೈಮುಗಿದಳು. ಅವಳ ಗಂಡ ಪಕೀರಪ್ಪ ಕನ್ನಡಕ ಹುಡುಕತೊಡಗಿದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಸಂಘಮಿತ್ರಾಳ ಕೈ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಈ ಮನೆಯವರು ಸಿಂಧನೂರಿನಲ್ಲಿ ಒಂಬತ್ತು ವರ್ಷಕ್ಕೆ ನಾಲ್ಕು ಬಾಡಿಗೆ ಮನೆ ಕಂಡಿದ್ದರು. ಮಗ ಗಂಗಾಧರ ಮಸ್ಕಿಯ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಸೊಸೆ ಸಂಘಮಿತ್ರಾ ಲಿಂಗಸುಗೂರಿನ ದವಾಖಾನೆಯಲ್ಲಿ ನರ್ಸು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಇಬ್ಬರೂ ಹತ್ತುತ್ತಾರೆ, ಅವನು ಮಸ್ಕಿಯಲ್ಲಿ ಇಳಿದರೆ ಅವಳು ಮುಂದಕ್ಕೆ ಹೋಗುತ್ತಾಳೆ. ಇಬ್ಬರ ಪಗಾರ ಸೇರಿಸಿದರೆ ಎಂಥ ಬಾಡಿಗೆಯನ್ನೂ ಕೊಡಬಹುದಿತ್ತು. ಆದರೆ "ಖಾಲಿ ಐತಿ ಬರ್ರಿ" ಎಂದ ಮನೆ, ಗೋಡೆಗೆ ಇವರು ಯಾವ ಫೋಟೋ ಹಾಕುವವರು ಎಂದು ತಿಳಿದ ಕೂಡಲೇ "ನಮ್ಮ ಅಳಿಯ ಬರಾವ ಅದಾನ" ಆಗಿಬಿಡುತ್ತಿತ್ತು. ಸಿಂಧನೂರಿನ ಮನೆ ಮಾಲೀಕರಿಗೆ ಇರುವಷ್ಟು ಅಳಿಯಂದಿರು ಬೇರೆ ಯಾವ ಊರಿನಲ್ಲೂ ಇರಲಿಕ್ಕಿಲ್ಲ. ಈಗಿನ ಮಾಲೀಕನ ಅಳಿಯನೂ ಏಪ್ರಿಲ್ ಕೊನೆಗೆ ಬರುವವನಿದ್ದ.

ಹಾಗಾಗಿ ಜನವರಿ ಹದಿನಾರಕ್ಕೆ ಮೆಹಬೂಬ್‌ಬೀಯ ಮನೆಗೆ ಇಸಾರ ಕೊಟ್ಟಿದ್ದರು. ಮೆಹಬೂಬ್‌ಬೀ ಗಂಡ ಸತ್ತ ಹೆಂಗಸು, ಮನೆ ಮಾರಿ ಲಿಂಗಸುಗೂರಿನ ಮಗಳ ಹತ್ತಿರ ಹೋಗುವವಳು. ಮೂರು ಕೋಣೆ, ಒಂದು ಬೋರು, ಹಿತ್ತಲಲ್ಲಿ ಬೇವಿನ ಗಿಡ. ಮೂವತ್ತೊಂದು ಲಕ್ಷಕ್ಕೆ ಮಾತಾಯಿತು. ಮುಂಗಡ ಕೊಟ್ಟ ಮೂರು ಲಕ್ಷ ಯಮನಮ್ಮನದು. ಮೂವತ್ತು ವರ್ಷ ಮಂದಿಯ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಭತ್ತ ನಾಟಿ ಮಾಡಿ, ಒಂದೊಂದಾಗಿ ಮಾಡಿಸಿಕೊಂಡ ಬಂಗಾರದ ಬೋರಮಾಳ ಸರ ಮತ್ತು ಪಾಟ್ಲಿಗಳನ್ನು ಮಾರಿ ಕೊಟ್ಟದ್ದು. ಮೆಹಬೂಬ್‌ಬೀಯ ಮೈದುನ ಚಾಂದ್‌ಪಾಷಾ ಬರೆದ ಇಸಾರ ಪತ್ರದಲ್ಲಿ ಮೂರು ತಿಂಗಳ ಮುದ್ದತು ಇತ್ತು. ಏಪ್ರಿಲ್ ಹದಿನಾರರೊಳಗೆ ಉಳಿದ ಹಣ ಕೊಟ್ಟು ರಿಜಿಸ್ಟ್ರಿ ಮಾಡಿಸಿಕೊಳ್ಳದಿದ್ದರೆ ಇಸಾರದ ಹಣ ಹೋಯಿತು, ಮನೆಯೂ ಹೋಯಿತು.

ಸಾಲಕ್ಕೆ ಬೇರೆಲ್ಲೂ ಅಲೆಯಲಿಲ್ಲ. ರಾಜೇಶ ಸಂಘಮಿತ್ರಾಳ ಸ್ವಂತ ತಮ್ಮ, ಮನೆ ಸಾಲ ಕೊಡುವ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದ. "ನಮ್ಮ ಹುಡುಗ ಇರೋವಾಗ ಮಂದಿ ಬಾಗಲಾ ಯಾಕ ಬಡೀಬೇಕು" ಎಂದವಳು ಯಮನಮ್ಮನೇ. ನಮ್ಮ ಹುಡುಗ ಮೂಲ ಪತ್ರ, ವಕೀಲರ ವರದಿ, ಇಂಜಿನಿಯರ್ ವರದಿ ಎಂದು ಮೂರು ತಿಂಗಳಲ್ಲಿ ಎಂಬತ್ತೈದು ದಿನ ತಿಂದಿದ್ದ.

"ಇದರ ಮ್ಯಾಲ ಇಬ್ಬರದೂ ಸೈ ಬೇಕು," ರಾಜೇಶ ಫೈಲು ಬಿಚ್ಚಿದ. "ಸಾಲದ ಮುಖ್ಯಾಂಶಗಳ ಪತ್ರ ಅಂತ. ಬಡ್ಡಿ ಎಷ್ಟು, ಖರ್ಚು ಎಷ್ಟು, ಎಲ್ಲಾ ಬರದಿರತೈತಿ. ರಿಸರ್ವ್ ಬ್ಯಾಂಕಿನವರ ಹೊಸ ಕಾಟ. ತಾರೀಖು ಮಾತ್ರ ಏಳನೇದು ಹಾಕ್ರಿ."

"ಇವತ್ತು ಹತ್ತು ಅಲ್ಲೇನಪಾ?" ಪಕೀರಪ್ಪ ಕೇಳಿದ.

"ಹೌದ್ರಿ. ಇದನ್ನ ಕೊಟ್ಟ ಮ್ಯಾಲ ಓದಿ ವಿಚಾರ ಮಾಡಾಕ ಮೂರು ಕೆಲಸದ ದಿನ ಬಿಡಬೇಕು. ಆ ಮೂರು ದಿನ ಮುಗಿಯೂತನಕ ನಮ್ಮ ಕಂಪನಿ ಕಂಪ್ಯೂಟರ್ ಚೆಕ್ ಬಿಡಂಗಿಲ್ಲ. ನಾಳೆ ಎರಡನೇ ಶನಿವಾರ, ನಾಡಿದ್ದು ಐತವಾರ, ಮಂಗಳವಾರ ಬಾಬಾಸಾಹೇಬರ ಜಯಂತಿ ಸೂಟಿ. ಖರೇ ತಾರೀಖು ಹಾಕಿದ್ರ ಚೆಕ್ ಹದಿನೇಳಕ್ಕ ಬರತೈತಿ. ನಿಮ್ಮ ಮುದ್ದತು ಹದಿನಾರಕ್ಕ ಮುಗೀತು. ಏಳನೇದು ಹಾಕಿದ್ರ ಓದೋ ಮೂರು ದಿನ ಇವತ್ತಿಗೇ ಮುಗದಂಗ."

"ಹಾಕೋಣ ತಗೋ," ಎಂದು ಗಂಗಾಧರ ಕಿಸೆಯಿಂದ ಪೆನ್ನು ತೆಗೆದ.

ಅಷ್ಟರಲ್ಲಿ ಪತ್ರ ಪಕೀರಪ್ಪನ ಕೈಗೆ ಬಂದಿತ್ತು. ಅವನು ಮೂವತ್ತೊಂದು ವರ್ಷ ಕಾಲುವೆಯ ಗೇಟಿನ ಮೇಲೆ ದುಡಿದವನು. ಗೇಟು ಎತ್ತಿದರೆ, ಇಳಿಸಿದರೆ, ನೀರಿನ ಮಟ್ಟ ನೋಡಿದರೆ ಪುಸ್ತಕದಲ್ಲಿ ಸಹಿ, ತಾರೀಖು, ಗಂಟೆ ಬರೆದೇ ಕೈ ತೊಳೆಯುವವನು. ನಿವೃತ್ತಿಯಾಗಿ ಆರು ವರ್ಷವಾದರೂ ಗ್ಯಾಸ್ ಸಿಲಿಂಡರು ಬಂದರೆ ಅದರ ಚೀಟಿಯ ಮೇಲೆ ಗಂಟೆ ಬರೆಯುತ್ತಿದ್ದ. ಪತ್ರದ ಕೆಳಗೆ 'ಸಾಕ್ಷಿ' ಎಂದಿದ್ದ ಜಾಗ ಕಂಡದ್ದೇ ಗಂಗಾಧರನ ಪೆನ್ನು ತೆಗೆದುಕೊಂಡು, ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದು, ಗೋಡೆ ಗಡಿಯಾರ ನೋಡಿ, ಪಕ್ಕದಲ್ಲಿ 'ತಾ. 10, ಸಂಜೆ 6-20' ಎಂದು ಬರೆದುಬಿಟ್ಟ.

"ಅಪ್ಪಾ!" ಗಂಗಾಧರ ಎದ್ದು ನಿಂತ.

"ಏನಾತು? ಕಾಗದ ಬಂದ ಹೊತ್ತು ಬರದೆ."

ರಾಜೇಶನ ಮುಖ ಬಾಡಿತು. "ಮಾವಾರ, ಇದು ಕೆಟ್ಟಹೋತು. ಇನ್ನೊಂದು ಪ್ರಿಂಟ್ ಸೋಮವಾರನೇ ಸಿಗೋದು."

ಯಮನಮ್ಮ ಬಿಟ್ಟಾಳೆಯೇ? "ನಿನ್ನ ಕೈ ಮುರದು ಹೋಗಲಿ ಮುದುಕಾ! ಯಾರು ಕೇಳಿದ್ರು ನಿನ್ನ ಗಂಟೀನ? ಆಫೀಸರ ಆಗಿದ್ದೇನು ನೀ?"

"ಮತ್ತ ಸುಳ್ಳು ಟೈಮ್ ಬರೀಬೇಕಿತ್ತೇನು? ಒಮ್ಮೆ ಬರದು ತಿಂದೀನಲ್ಲ, ಸಾಲದೇನು?"

ಆ ಕಥೆ ಮನೆಯವರಿಗೆಲ್ಲ ಗೊತ್ತು. ಒಬ್ಬ ಸಾಹೇಬನ ಮಾತಿಗೆ ಮಧ್ಯಾಹ್ನ ಎತ್ತಿದ ಗೇಟನ್ನು ಮುಂಜಾನೆ ಆರಕ್ಕೆ ಎತ್ತಿದೆ ಎಂದು ಬರೆದಿದ್ದ. ನೀರು ಬಾರದೆ ಬೆಳೆ ಬಾಡಿಸಿಕೊಂಡವರು ಪುಸ್ತಕ ತೆಗೆಸಿ ನೋಡಿದಾಗ ಸಾಹೇಬನ ಹೆಸರು ಎಲ್ಲಿಯೂ ಇರಲಿಲ್ಲ, ಪಕೀರಪ್ಪನ ಸಹಿ ಇತ್ತು. ಹನ್ನೊಂದು ತಿಂಗಳು ಕೆಲಸದಿಂದ ಹೊರಗೆ ಹಾಕಿದರು. ಆ ಹನ್ನೊಂದು ತಿಂಗಳು ಮನೆ ನಡೆದದ್ದು ಯಮನಮ್ಮನ ನಾಟಿ ಕೂಲಿಯ ಮೇಲೆ, ಅದನ್ನೂ ಅವಳು ಈಗ ಹೇಳದೆ ಬಿಡಲಿಲ್ಲ. ರಾಜೇಶ ಹೊರಡುವಾಗ ಭಾವನ ಕಿವಿಯಲ್ಲಿ, "ಸೋಮವಾರ ತರ್ತೀನಿ, ಮಾವಾರನ್ನ ಸಮಾಧಾನ ಮಾಡಿ ಇಡ್ರಿ," ಎಂದು ಹೋದ. ಕೆಟ್ಟ ಪ್ರಿಂಟನ್ನು ಪಕೀರಪ್ಪ ಕೊಡಲಿಲ್ಲ. ಕೊಟ್ಟಿದ್ದು ಓದಲಿಕ್ಕೆ ತಾನೇ, ಓದುತ್ತೇನೆ ಎಂದ.

ಓದಿದ. ಏಳನೇ ಇಯತ್ತೆಯ ಓದಿಗೆ ಎಂಟು ಹಾಳೆ ಎರಡು ದಿನ ಹಿಡಿಯಿತು. ಪತ್ರ ಕನ್ನಡದಲ್ಲಿತ್ತು, ಅದಕ್ಕೂ ಕಾರಣ ಸಂಘಮಿತ್ರಾ. ಅರ್ಜಿಯಲ್ಲಿ ಯಾವ ಭಾಷೆ ಎಂದು ಕೇಳಿದ ಜಾಗದಲ್ಲಿ ರಾಜೇಶ ಇಂಗ್ಲಿಷ್ ಎಂದು ಹಾಕಹೋದಾಗ, "ಕನ್ನಡ ಹಾಕೋ, ಮನ್ಯಾಗ ಮಾವಾರು ಓದಬೇಕು," ಎಂದಿದ್ದಳು.

ಐತವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಪಕೀರಪ್ಪ ಕೇಳಿದ: "ಗಂಗಾಧರ, ನಾವು ಕೇಳಿದ್ದು ಎಷ್ಟು?"

"ಇಪ್ಪತ್ತೆರಡು ಲಕ್ಷ. ಉಳಿದ ಆರು ನಾವು ಕೂಡಿಟ್ಟಿದ್ದು."

"ಇದರಾಗ ಇಪ್ಪತ್ತಮೂರು ಲಕ್ಷ ಹನ್ನೆರಡು ಸಾವಿರ ಐತಿ. ಒಂದು ಲಕ್ಷ ಹನ್ನೆರಡು ಸಾವಿರ ವಿಮಾ ಅಂತ. ಅದನ್ನೂ ಸಾಲದಾಗೇ ಸೇರಿಸ್ಯಾರ, ಅದಕ್ಕೂ ಬಡ್ಡಿ."

ಗಂಗಾಧರನ ಕೈಯಲ್ಲಿದ್ದ ರೊಟ್ಟಿ ಮುಳಗಾಯಿ ಪಲ್ಯದಲ್ಲಿ ಹಾಗೆಯೇ ಉಳಿಯಿತು. ದಿನಕ್ಕೆ ಐದು ತರಗತಿಗೆ ಚಕ್ರಬಡ್ಡಿ ಕಲಿಸುವ ಮೇಷ್ಟ್ರು ತನ್ನ ಸಾಲದ ಕಾಗದ ಓದದೆ ಸಹಿಗೆ ಕುಳಿತಿದ್ದ, ಈಗ ಎಡಗೈಯಲ್ಲೇ ಮೊಬೈಲು ತೆಗೆದು ಲೆಕ್ಕ ಮಾಡಿದ. "ತಿಂಗಳಿಗೆ ಸಾವಿರದ ಮ್ಯಾಲ ಬರತೈತಿ. ಇಪ್ಪತ್ತು ವರ್ಷಕ್ಕ ಎರಡು ಲಕ್ಷ ನಲವತ್ತು ಸಾವಿರ."

ಎಲ್ಲರೂ ಸಂಘಮಿತ್ರಾಳನ್ನು ನೋಡಿದರು. ಅವಳು ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

"ನಂಗ ಗೊತ್ತಿದ್ದಿಲ್ಲ," ಎಂದಳು.

"ನಿನ್ನ ತಮ್ಮಗ ಗೊತ್ತಿತ್ತು," ಎಂದಳು ಯಮನಮ್ಮ.

ಸಂಘಮಿತ್ರಾ ಅಲ್ಲೇ ನಿಂತು ಫೋನು ಮಾಡಿದಳು, ಎಲ್ಲರಿಗೂ ಕೇಳಿಸುವಂತೆ ಸ್ಪೀಕರು ಹಾಕಿದಳು. ರಾಜೇಶ ನಗುತ್ತಲೇ ಮಾತಾಡಿದ. "ಅಕ್ಕಾ, ಅದು ಕಂಪಲ್ಸರಿ. ವಿಮಾ ಇಲ್ಲಂದ್ರ ಸಾಲನೇ ಪಾಸಾಗಂಗಿಲ್ಲ. ನಾಳೆ ನಿಮಗ ಏನಾರ ಆದ್ರ ಮನಿ ಉಳಿತೈತಿ. ತಿಂಗಳಿಗೆ ಸಾವಿರ ರೂಪಾಯಿ ನಿಮಗೇನು ಭಾರ?"

"ತಗೋ, ಕಂಪಲ್ಸರಿ ಅಂತ," ಯಮನಮ್ಮ ಮಾತು ಮುಗಿಸಿದಳು. "ಹೋಗ್ಲಿ ಸಾವಿರ. ಮನಿ ಕೈಯಾಗ ಬರಲಿ. ನಾಳೆ ಇಬ್ಬರೂ ಬಾಯಿ ಮುಚ್ಚಿ ಸೈ ಹಾಕ್ರಿ."

ಸೋಮವಾರ ಸಂಜೆ ರಾಜೇಶ ಹೊಸ ಪ್ರಿಂಟು ತಂದ, ಒಂದು ಡಜನ್ ಬಾಳೆಹಣ್ಣೂ ತಂದ. ಗಂಗಾಧರ ಅಪ್ಪನ ಮುಖ ನೋಡದೆ ಸಹಿ ಹಾಕಿ, ಏಳನೇ ತಾರೀಖು ಬರೆದ. ಪೆನ್ನು ಸಂಘಮಿತ್ರಾಳ ಮುಂದೆ ಬಂತು. ಲಿಂಗಸುಗೂರಿನಿಂದ ನಿಂತುಕೊಂಡೇ ಬಂದವಳು ಇನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ.

"ವಿಮಾ ತಗದು ಹೊಸಾದು ಕೊಡಾಕ ಬರಂಗಿಲ್ಲೇನು?" ಎಂದು ಕೇಳಿದಳು.

"ಬರತೈತಿ. ಆದ್ರ ಹೊಸ ಪತ್ರ, ಹೊಸ ನಂಬರ್, ಮತ್ತ ಮೂರು ದಿನ. ಮುಂದಿನ ಸೋಮವಾರ ಬಸವ ಜಯಂತಿ ಸೂಟಿ. ಇಪ್ಪತ್ತೆರಡೋ ಇಪ್ಪತ್ತಮೂರೋ ಆಕ್ಕೈತಿ. ನಿಮಗ ಹದಿನಾರಕ್ಕ ಬೇಕಲ್ಲ ಅಕ್ಕಾ."

"ನಿನ್ನೆ ಕಂಪಲ್ಸರಿ ಅಂದಿ. ಇವತ್ತು ತಗ್ಯಾಕ ಬರತೈತಿ ಅಂತಿ."

ರಾಜೇಶ ಬಾಳೆಹಣ್ಣಿನ ಕಡೆ ನೋಡಿದ. ಸಂಘಮಿತ್ರಾ ಪೆನ್ನನ್ನು ಮುಚ್ಚಿ ಗಂಡನ ಕಿಸೆಗೆ ಸಿಕ್ಕಿಸಿದಳು.

"ನಾ ಸೈ ಹಾಕಂಗಿಲ್ಲ."

"ಮಿತ್ರಾ, ಹುಚ್ಚು ಹಿಡದೈತೇನು?" ಗಂಗಾಧರನ ದನಿ ಏರಿತು. "ಅವ್ವನ ಮೂರು ಲಕ್ಷ ಹೊಕ್ಕೈತಿ. ತಿಂಗಳಾ ಕೊನಿಗೆ ಈ ಮನಿನೂ ಬಿಡಬೇಕು. ಬೀದ್ಯಾಗ ನಿಂದರೋಣೇನು ನಂದಿನೀನ ಕರಕೊಂಡು?"

"ಮೆಹಬೂಬ್‌ಬೀನ ಒಂದು ವಾರ ಕೇಳೋಣ."

"ಕೇಳಿದ್ರ ಏನಂತಾರ? ಇವರಿಗೆ ಲೋನ್ ಆಗವಲ್ದು ಅಂತಾರ. ಆ ಓಣ್ಯಾಗ ನಮ್ಮನ್ನ ಬ್ಯಾಡ ಅನ್ನೋರು ಮೊದಲೇ ಎಷ್ಟು ಮಂದಿ ಅದಾರ ಗೊತ್ತೈತೇನು? ಅವರಿಗೆ ಒಂದು ದಿನ ಸಾಕು!"

ಅದು ಸುಳ್ಳಲ್ಲ. ಅದೇ ಓಣಿಯ ಅಕ್ಕಿ ಮಿಲ್ಲಿನ ಧಣಿಯೊಬ್ಬ ಮೂವತ್ತಮೂರು ಲಕ್ಷ ನಗದು ಕೊಡುತ್ತೇನೆ ಎಂದು ಚಾಂದ್‌ಪಾಷಾನ ವೆಲ್ಡಿಂಗ್ ಅಂಗಡಿಗೆ ಎರಡು ಸಲ ಬಂದು ಹೋಗಿದ್ದ. ಮನೆ ಅವನಿಗೇನೂ ಬೇಕಿರಲಿಲ್ಲ, ಇವರು ಬರುವುದು ಬೇಡವಾಗಿತ್ತು.

ಯಮನಮ್ಮ ಸೊಸೆಯ ಎದುರು ಬಂದು ನಿಂತಳು. "ಹಾಕು ಸೈ. ನನ್ನ ರೊಕ್ಕ ಅದು. ನಿಮ್ಮಪ್ಪ ಕೊಟ್ಟಿದ್ದಲ್ಲ. ಅವಾ ನಿನ್ನ ತಮ್ಮ, ಅವನ ಮ್ಯಾಲಿನ ಸಿಟ್ಟಿಗೆ ನನ್ನ ಮನಿ ಕಳೀತಿಯೇನು?"

"ನನ್ನ ತಮ್ಮ ಅಂತ್ಲೇ ಹಾಕಂಗಿಲ್ಲ ಅತ್ತಿ. ಬ್ಯಾರೇದವರು ಮಾಡಿದ್ರ ಸುಮ್ನಿರತಿದ್ದೆ."

ಆ ರಾತ್ರಿ ಸೊಸೆಗೆ ಯಾರೂ ಬಡಿಸಲಿಲ್ಲ. ತಾನೇ ತೆಗೆದುಕೊಂಡು, ಒಲೆಯ ಮುಂದೆ ಕುಳಿತು, ಆರಿದ ರೊಟ್ಟಿ ತಿಂದಳು. ಒಂದು ಸಹಿ ಇದ್ದು ಇನ್ನೊಂದು ಇಲ್ಲದ ಪತ್ರ ಟಿವಿಯ ಮೇಲೆ ಉಳಿಯಿತು.

ಮಂಗಳವಾರ ಜಯಂತಿ. ಪಕೀರಪ್ಪ ಬಿಳಿ ಅಂಗಿ ತೊಟ್ಟು, ಮಗನನ್ನು ಕರೆದುಕೊಂಡು ಹೂಮಾಲೆ ಹಿಡಿದು ಬೆಳಿಗ್ಗೆಯೇ ಹೋದ. ಸಂಘಮಿತ್ರಾಳಿಗೆ ದವಾಖಾನೆಯಲ್ಲಿ ಡ್ಯೂಟಿ ಇತ್ತು. ಯಮನಮ್ಮ ಗೋಧಿ ಹುಗ್ಗಿಗೆ ಬೆಲ್ಲ ಹಾಕುತ್ತಾ, ಕಣ್ಣು ಮಾತ್ರ ಟಿವಿಯ ಮೇಲಿನ ಕಾಗದದ ಮೇಲೆ ಇಟ್ಟಿದ್ದಳು. ಕೊನೆಗೆ ತಾಳಲಾಗಲಿಲ್ಲ.

"ನಂದಿನಿ, ಬಾ ಇಲ್ಲಿ. ಆ ವಿಮಾದ್ದು ಏನು ಬರದಾರ, ಅದೊಂದು ಓದು."

ಆರನೇ ತರಗತಿ ಮುಗಿಸಿದ್ದ ನಂದಿನಿ ಬೆರಳಿಟ್ಟು ಓದಿದಳು: "ಒಂದೇ ಕಂತಿನ ವಿಮಾ ಕಂತು, ರೂಪಾಯಿ ಒಂದು ಲಕ್ಷ ಹನ್ನೆರಡು ಸಾವಿರ. ಸಾಲಗಾರರ ಕೋರಿಕೆಯ ಮೇರೆಗೆ. ಐಚ್ಛಿಕ."

"ಹಂಗಂದ್ರ?"

"ಬೇಕಾದ್ರ ತಗೋಬಹುದು, ಬ್ಯಾಡಾದ್ರ ಬಿಡಬಹುದು ಅಂತ. ಕೋರಿಕೆ ಅಂದ್ರ ನಾವೇ ಕೇಳೀವಿ ಅಂತ ಅಜ್ಜಿ."

"ಯಾರು ಕೇಳಿದ್ರು?"

"ಇದರಾಗ ಹಂಗೇ ಐತಿ."

ಯಮನಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕುಳಿತಳು. ಅವಳಿಗೆ ಓದು ಬರದು, ಆದರೆ ಆಡದ ಮಾತನ್ನು ತನ್ನ ಬಾಯಲ್ಲಿ ಹಾಕಿದರೆ ಸಿಟ್ಟು ಬರುತ್ತದೆ. ಕೂಲಿ ಲೆಕ್ಕದಲ್ಲಿ ಒಂದು ದಿನ ಕಡಿಮೆ ಬರೆದ ಗೌಡನ ಮನೆಯ ಮುಂದೆ ಹತ್ತು ಹೆಂಗಸರನ್ನು ಕರೆದುಕೊಂಡು ಸಂಜೆತನಕ ಕುಳಿತವಳು ಅವಳು. ಬೇಡ ಅನ್ನಬಹುದಾದದ್ದನ್ನು ಕಂಪಲ್ಸರಿ ಎಂದು ಹೇಳಿದ್ದ ಹುಡುಗ, ಅವಳ ಕೈಗೆ ಭಜಿ ಕೊಟ್ಟವನು. ಸೊಸೆ ನಿನ್ನೆ ರಾತ್ರಿ ಆರಿದ ರೊಟ್ಟಿ ತಿಂದದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು.

ಒಂದು ಡಬ್ಬಿಗೆ ಬಿಸಿ ಹುಗ್ಗಿ ತುಂಬಿ, ಮೇಲೆ ತುಪ್ಪ ಹಾಕಿ, ಯಾರಿಗೂ ಹೇಳದೆ ಮೆಹಬೂಬ್‌ಬೀಯ ಮನೆಗೆ ನಡೆದಳು. ಅಲ್ಲಿ ಚಾಂದ್‌ಪಾಷಾ ಕಟ್ಟೆಯ ಮೇಲೆ ಕುಳಿತಿದ್ದ.

"ಚೆಕ್ ಬಂತೇನಬೇ?" ಎಂದ.

"ಬಂದಿಲ್ಲಪಾ. ಒಂದು ವಾರ ಬೇಕಾಗೈತಿ. ಅದನ್ನೇ ಹೇಳಾಕ ಬಂದೀನಿ."

ಚಾಂದ್‌ಪಾಷಾ ಎದ್ದು ನಿಂತ. "ಭಾಬಿ, ನಾ ಹೇಳಿದ್ದಿಲ್ಲೇನು? ಇವರದು ಆಗೋ ಕೆಲಸ ಅಲ್ಲ. ಮಿಲ್ಲಿನವರು ನಾಡಿದ್ದೇ ನಗದು ಕೊಡ್ತಾರ."

ಮೆಹಬೂಬ್‌ಬೀ ಹೊರಗೆ ಬಂದಳು. ಯಮನಮ್ಮ ಡಬ್ಬಿಯನ್ನು ಅವಳ ಮುಂದಿಟ್ಟು, ಒಂದನ್ನೂ ಮುಚ್ಚಿಡದೆ ಹೇಳಿದಳು: ಒಂದು ಲಕ್ಷ ಹನ್ನೆರಡು ಸಾವಿರ, ಸುಳ್ಳು ತಾರೀಖು, ಬೀಗರ ಹುಡುಗನೇ ಮಾಡಿದ್ದು, ಸೊಸೆ ಸಹಿ ಹಾಕದ್ದು. "ಸುಳ್ಳು ತಾರೀಖಿಗೆ ಸೈ ಮಾಡಿದ್ರ ನಾಡಿದ್ದೇ ನಿನ್ನ ರೊಕ್ಕ ಬರತಿತ್ತು. ಮಾಡಿಲ್ಲ. ನೀ ಬ್ಯಾಡ ಅಂದ್ರ ನನ್ನ ಮೂರು ಲಕ್ಷ ಹೋತು. ಕಾಗದದಾಗ ಹಂಗೇ ಬರದೈತಿ, ನಾ ಜಗಳಾ ಮಾಡಂಗಿಲ್ಲ."

ಮೆಹಬೂಬ್‌ಬೀ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ಕಾಗದ ಓದಿದ್ರೇನು ನೀವು?"

"ಓದ್ಯಾರ. ನನ್ನ ಗಂಡ ಓದ್ಯಾನ, ಮೊಮ್ಮಗಳು ಓದ್ಯಾಳ."

"ನನ್ನ ಮಗಳು ಶಾಕೀರಾನ ಗಂಡ ಓದಲಿಲ್ಲ. ತೋರಿಸಿದಲ್ಲಿ ಸೈ ಹಾಕ್ದ. ಈಗ ಲಿಂಗಸುಗೂರಾಗ ಅವರ ಬಾಗಲಿಗೆ ನೋಟೀಸ್ ಹಚ್ಚ್ಯಾರ. ಈ ಮನಿ ನಾ ಯಾಕ ಮಾರಾಕತ್ತೀನಿ ಅಂತ ಮಾಡಿ? ನಿನ್ನ ಮೂರು ಲಕ್ಷ ಆಗಲೇ ಅಲ್ಲಿ ಕಟ್ಟೀನಿ. ಇಪ್ಪತ್ತನಾಲ್ಕಕ್ಕ ಉಳಿದಿದ್ದು ಕಟ್ಟದಿದ್ರ ಅವರ ಮನಿ ಹರಾಜು." ಅವಳು ಡಬ್ಬಿಯ ಮುಚ್ಚಳ ತೆಗೆದು ಒಂದು ತುತ್ತು ಹುಗ್ಗಿ ಬಾಯಿಗೆ ಹಾಕಿಕೊಂಡಳು. "ಇಪ್ಪತ್ತಮೂರರ ತನಕ ಕೊಡ್ತೀನಿ. ಅದರ ಮ್ಯಾಲ ಒಂದು ದಿನ ಕೇಳಬ್ಯಾಡ ಯವ್ವಾ. ನನ್ನ ಹತ್ರನೂ ಇಲ್ಲ."

"ಭಾಬಿ, ಎರಡು ಲಕ್ಷ ಹೆಚ್ಚಿಗಿ ಬರೋದು ಬಿಟ್ಟು…"

"ಇವರ ರೊಕ್ಕ ತಿಂದು ಇವರಿಗೆ ಬಾಗಲಾ ಹಾಕಲೇನು? ಬರಿ ಅಂದ್ರ ಬರಿ."

ಚಾಂದ್‌ಪಾಷಾ ಗೊಣಗುತ್ತಲೇ ಇಸಾರ ಪತ್ರದ ಬೆನ್ನ ಮೇಲೆ ಬರೆದ: ಮುದ್ದತು ಏಪ್ರಿಲ್ ಇಪ್ಪತ್ತಮೂರು, ಇದೇ ಕೊನೆ, ತಪ್ಪಿದರೆ ಇಸಾರ ಜಪ್ತು. ಯಮನಮ್ಮ ಹೆಬ್ಬೆಟ್ಟು ಒತ್ತಿದಳು. ಮನೆಗೆ ಬಂದು ವಿಷಯ ಹೇಳಿದಾಗ ಗಂಗಾಧರ ತಲೆಗೆ ಕೈ ಹಚ್ಚಿ ಕುಳಿತ. ಸಂಜೆ ಸೊಸೆ ಬಸ್ಸಿಳಿದು ಬಂದಾಗ ಯಮನಮ್ಮ ಕ್ಷಮೆ ಗಿಮೆ ಎಂದು ಏನೂ ಕೇಳಲಿಲ್ಲ. ತಾಟಿಗೆ ಬಿಸಿ ಹುಗ್ಗಿ ಹಾಕಿ ಅವಳ ಮುಂದೆ ತಳ್ಳಿ, "ಉಣ್ಣು. ವಾರ ಕೊಟ್ಟಾಳ. ಇನ್ನ ನಿನ್ನ ತಮ್ಮನ್ನ ನೀನೇ ನೋಡ್ಕೊ," ಎಂದಳು.

ಬುಧವಾರ ಸಂಘಮಿತ್ರಾ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದು, ಸೀದಾ ಸಿಂಧನೂರಿನ ಕಂಪನಿ ಆಫೀಸಿಗೆ ಹೋದಳು. ರಾಜೇಶನ ಟೇಬಲ್ಲಿನ ಮುಂದೆ ಗ್ರಾಹಕರ ಹಾಗೆಯೇ ಕುಳಿತಳು.

"ವಿಮಾ ಬ್ಯಾಡ ಅಂತ ಬರದು ತಂದೀನಿ. ಶುಕ್ರವಾರದೊಳಗ ಹೊಸ ಪತ್ರ ಬೇಕು."

"ಅಕ್ಕಾ, ಮೆಲ್ಲಕ," ಅವನು ಗಾಜಿನ ಕೋಣೆಯ ಕಡೆ ನೋಡಿದ. "ಮ್ಯಾನೇಜರ್ ಕೇಳಿದ್ರ ನನ್ನ ಕಥಿ ಮುಗೀತು. ಸಾಲಕ್ಕ ವಿಮಾ ಹಚ್ಚಿದ್ರನೇ ಟಾರ್ಗೆಟ್ಟು. ಎರಡು ತಿಂಗಳಿಂದ ಬೈಸಿಕೊಳ್ಳಾಕತ್ತೀನಿ."

"ಇದರಾಗ ನಿಂಗೆಷ್ಟು ಬರತಿತ್ತು?"

"ಬಿಡು ಅಕ್ಕಾ."

"ಹೇಳೋ. ಕಾಗದದಾಗ ಎಲ್ಲಾ ಐತಿ, ಅದೊಂದಿಲ್ಲ."

"ಮೂರು ಸಾವಿರ," ಎಂದ ರಾಜೇಶ.

ಸಂಘಮಿತ್ರಾ ಪರ್ಸು ತೆಗೆದಳು. ಐದು ನೂರರ ಆರು ನೋಟುಗಳನ್ನು ಟೇಬಲ್ಲಿನ ಮೇಲೆ ಇಟ್ಟಳು. "ತಗೋ. ನಿಂಗ ಬರೋದು ನಿಂಗ ಮುಟ್ಟಿತು. ಇನ್ನ ನಮ್ಮ ಕಾಗದ ಕೊಡು."

ತಮ್ಮ ಬೇಡ ಎನ್ನುತ್ತಾನೆ ಎಂದು ಅವಳು ಕಾದಳು. ಅವನು ಗಾಜಿನ ಕೋಣೆಯನ್ನು ಇನ್ನೊಮ್ಮೆ ನೋಡಿ, ನೋಟುಗಳ ಮೇಲೆ ಕೈ ಇಟ್ಟು, ಸದ್ದಾಗದಂತೆ ಡ್ರಾವರಿಗೆ ಎಳೆದುಕೊಂಡ. ಸಂಘಮಿತ್ರಾ ಎದ್ದು ಬಂದಳು. ಅವನು ಎರಡು ವರ್ಷದವನಿದ್ದಾಗ ಸೊಂಟದ ಮೇಲೆ ಹೊತ್ತು ಅಂಗನವಾಡಿಗೆ ಒಯ್ಯುತ್ತಿದ್ದವಳು ಅವಳು. ಮನೆಯ ತನಕ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಲೇ ನಡೆದಳು, ಈ ಮಾತನ್ನು ಗಂಡನಿಗೂ ಹೇಳಲಿಲ್ಲ.

ಗುರುವಾರ ರಾಜೇಶನ ಫೋನು ಬಂದ್ ಇತ್ತು. ಶುಕ್ರವಾರವೂ ಬಂದ್. ಪಕೀರಪ್ಪ ಕ್ಯಾಲೆಂಡರಿನ ಮುಂದೆ ನಿಂತು ಮಗನಿಗೆ ಹೇಳಿದ: "ಇವತ್ತು ಕೊಟ್ರ ಶನಿವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಗುರುವಾರ ಚೆಕ್, ಗುರುವಾರನೇ ರಿಜಿಸ್ಟ್ರಿ. ಇವತ್ತು ತಪ್ಪಿದ್ರ ತಪ್ಪಿದಂಗ."

"ನೀ ಅವತ್ತು ಆ ಗಂಟಿ ಬರೀದಿದ್ರ ಈ ಹೊತ್ತಿಗೆ ಮನಿ ನಮ್ಮದಾಗಿರತಿತ್ತು," ಎಂದ ಗಂಗಾಧರ. ಅಪ್ಪನಿಗೆ ಹಾಗೆ ಅಂದದ್ದು ಜೀವನದಲ್ಲಿ ಅದೇ ಮೊದಲು. ಮಧ್ಯಾಹ್ನದ ಅನ್ನ ಹಾಗೆಯೇ ಉಳಿಯಿತು. ಐದಾಯಿತು, ಆರಾಯಿತು. ಭತ್ತ ಕೊಯ್ಯುವ ಮಷೀನುಗಳು ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋದವು. ಯಮನಮ್ಮ ಹೊಸ್ತಿಲ ಮೇಲೆ ಕುಳಿತವಳು ಎದ್ದಿರಲಿಲ್ಲ.

ಏಳು ಹೊಡೆದ ಮೇಲೆ ರಾಜೇಶನ ಬೈಕು ಬಂದು ನಿಂತಿತು. ಕೈಯಲ್ಲಿ ಹಸಿರು ಫೈಲು ಮಾತ್ರ ಇತ್ತು. ಅವನು ಒಳಗೆ ಬಂದು ಕುಳಿತುಕೊಳ್ಳದೆ, ಪತ್ರ ತೆಗೆದು ಪಕೀರಪ್ಪನಿಗೆ ಕೊಟ್ಟ. ಪಕೀರಪ್ಪ ಟ್ಯೂಬ್‌ಲೈಟಿನ ಕೆಳಗೆ ನಿಂತು ಬೆರಳಿಟ್ಟು ಓದಿದ. ಇಪ್ಪತ್ತೆರಡು ಲಕ್ಷ. ವಿಮೆಯ ಜಾಗದಲ್ಲಿ 'ಇಲ್ಲ' ಎಂದಿತ್ತು. ಈ ಪತ್ರದಲ್ಲಿ ಕಾಣಿಸದ ಖರ್ಚನ್ನು ಸಾಲಗಾರರ ಒಪ್ಪಿಗೆ ಇಲ್ಲದೆ ವಸೂಲು ಮಾಡುವಂತಿಲ್ಲ ಎಂಬ ಸಾಲನ್ನು ಅವನು ಎರಡು ಸಲ ಓದಿದ. ಗಂಗಾಧರ ಸಹಿ ಹಾಕಿದ, ಸಂಘಮಿತ್ರಾ ತಮ್ಮನ ಮುಖ ನೋಡದೆ ಸಹಿ ಹಾಕಿದಳು. ಸಾಕ್ಷಿಯ ಜಾಗಕ್ಕೆ ಬಂದಾಗ ಪಕೀರಪ್ಪನ ಪೆನ್ನು ತಡೆಯಿತು.

"ಟೈಮೂ ಬರೀರಿ ಮಾವಾರ," ಎಂದ ರಾಜೇಶ. "ಏಳು ಹತ್ತು."

ಹೊರಗೆ ಹೋಗುವಾಗ ಯಮನಮ್ಮ ಅವನನ್ನು ಚಹಾಕ್ಕೆ ನಿಲ್ಲು ಅನ್ನಲಿಲ್ಲ.

ಗುರುವಾರ ಇಪ್ಪತ್ತಮೂರು. ಬೆಳಿಗ್ಗೆ ಹಸಿರು ಫೈಲಿನ ಜೊತೆ ಚೆಕ್ಕು ಕೈಗೆ ಬಂತು, ತಂದವನು ಕಂಪನಿಯ ಬೇರೊಬ್ಬ. ರಿಜಿಸ್ಟ್ರಿ ಆಫೀಸಿನಲ್ಲಿ ಹನ್ನೊಂದಕ್ಕೆ ಸರ್ವರು ನಿಂತಿತು. ಚಾಂದ್‌ಪಾಷಾ ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದ. ಮೆಹಬೂಬ್‌ಬೀ ತಸಬಿಯ ಮಣಿ ಎಣಿಸುತ್ತಾ ಕುಳಿತಳು, ಪಕ್ಕದಲ್ಲಿ ಯಮನಮ್ಮ ಏನೂ ಎಣಿಸದೆ ಕುಳಿತಳು. ಮೂರಕ್ಕೆ ಬಂದ ಸರ್ವರು ಮೂರೂ ಹತ್ತಕ್ಕೆ ಮತ್ತೆ ಹೋಯಿತು. ನಾಲ್ಕೂ ನಲವತ್ತಕ್ಕೆ ಮೆಹಬೂಬ್‌ಬೀಯ ಹೆಬ್ಬೆರಳು ಮಷೀನಿನ ಮೇಲೆ ಕುಳಿತಿತು, ಫೋಟೋ ಆಯಿತು, ಕಾಗದ ಹೊರಗೆ ಬಂತು. ಅವಳು ಕೀಲಿಕೈಯನ್ನು ಗಂಡಸರಿಗೆ ಕೊಡದೆ ಯಮನಮ್ಮನ ಅಂಗೈಯಲ್ಲಿಟ್ಟು, "ಬೇವಿನ ಗಿಡಕ್ಕ ನೀರು ಹಾಕೋದು ಬಿಡಬ್ಯಾಡ್ರಿ," ಎಂದಳು. ಯಮನಮ್ಮನಿಗೆ ಅಲ್ಲಿಯ ತನಕ ಬಾರದ ಅಳು ಆಗ ಬಂತು.

ಸಂಜೆ ಎಲ್ಲರೂ ಹೊಸ ಮನೆಗೆ ಹೋದರು. ಎರಡು ಫೋಟೋ ಗೋಡೆಗೆ ಏರಿದವು. ಅಪ್ಪ ಮಗ ಒಂದು ಮಾತೂ ಆಡದೆ ಮೊಳೆ ಹೊಡೆದರು, ಆದರೆ ಮೊಳೆ ಹಿಡಿದವನು ಅಪ್ಪ, ಸುತ್ತಿಗೆ ಹಿಡಿದವನು ಮಗ. ಸಂಘಮಿತ್ರಾ ಗ್ಯಾಸಿನ ಮೇಲೆ ಅನ್ನಕ್ಕಿಟ್ಟಳು. ಯಮನಮ್ಮ ಕಾಗದಗಳನ್ನು ಟ್ರಂಕಿಗೆ ಹಾಕಲು ಹಸಿರು ಫೈಲು ಬಿಚ್ಚಿದಳು. ಒಳಗೆ ಒಂದು ಹಾಳೆಗೆ ಪಿನ್ನು ಹಾಕಿ, ಐದು ನೂರರ ಆರು ನೋಟು ಸಿಕ್ಕಿಸಲಾಗಿತ್ತು.

"ಏನಿದು? ಮತ್ತ ಯಾವ ಖರ್ಚು ಇದು?" ಎಂದು ಹಾಳೆಯನ್ನು ಸೊಸೆಯ ಮುಂದೆ ಹಿಡಿದಳು.

ಅದು ವಿಮೆಯ ಜಾಗದಲ್ಲಿ 'ಇಲ್ಲ' ಎಂದಿದ್ದ ಹಾಳೆ. ಸಂಘಮಿತ್ರಾ ನೋಡಿದ ಕೂಡಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹೇಳಿದಳು, ಆಫೀಸಿನ ಟೇಬಲ್ಲಿನಿಂದ ಹಿಡಿದು ಡ್ರಾವರಿನ ತನಕ. ಗಂಗಾಧರ ಸುತ್ತಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಕೇಳಿದ.

"ಇವತ್ತು ಅವಾ ಯಾಕ ಬರಲಿಲ್ಲ?" ಯಮನಮ್ಮ ಕೇಳಿದಳು.

"ಯಾದಗಿರಿಗೆ ಹಾಕ್ಯಾರಂತ. ಕಂತು ವಸೂಲಿ ಕೆಲಸಕ್ಕ. ಚೆಕ್ ತಂದವರು ಅಂದ್ರು."

"ಹೋಗ್ಯಾನೇನು?"

"ನಾಳೆ ಹೊಕ್ಕಾನಂತ."

ಯಮನಮ್ಮ ಪಿನ್ನು ತೆಗೆದು ನೋಟುಗಳನ್ನು ಸೊಸೆಯ ಕೈಗಿಟ್ಟಳು. "ಫೋನ್ ಹಚ್ಚು."

ಸಂಘಮಿತ್ರಾ ಹಚ್ಚಿದಳು. ರಿಂಗಾಯಿತು, ರಾಜೇಶ "ಅಕ್ಕಾ" ಎಂದ. ಯಮನಮ್ಮ ಫೋನು ಕಿತ್ತುಕೊಂಡಳು.

"ಉಣ್ಣಾಕ ಬಾರೋ. ಅನ್ನಕ್ಕ ಇಟ್ಟಾಳ. ಭಜಿ ಗಿಜಿ ಏನೂ ತರಬ್ಯಾಡ, ಬರಿಗೈಲೆ ಬಾ," ಎಂದಳು. ಇನ್ನೊಂದು ಪಾವು ಅಕ್ಕಿ ಹಾಕು ಎಂದು ಸೊಸೆಗೆ ಕೈಸನ್ನೆ ಮಾಡಿದಳು.